ಹಿಂದಿರುಗಿ ಬರುವ ಹಣ

ದುಡಿದು ಬಂದ ಹಣಕ್ಕಿಂತಲೂ ಹಿಂದಿರುಗಿ ಬರುವ ಹಣದಲ್ಲಿ ಮನುಷ್ಯನಿಗೆ ಆಸೆ ಹೆಚ್ಚು. ಸಂಬಳವು ತಿಂಗಳು ತುಂಬಿದೊಡನೆ ಬರುವುದು. ಅದರ ಮೇಲೆ ದಿನಸಿಯವನಿಗೂ ಹಾಲಿನವನಿಗೂ ಮೊದಲೇ ಹಕ್ಕುಂಟು. ಆದರೆ ಕೊಟ್ಟುಬಿಟ್ಟೆವೆಂದು ಮರೆತಿದ್ದ ಹಣವು ಮರಳಿ ಬರುವುದೆಂದು ಯಾರಾದರೂ ಹೇಳಿದರೆ, ಅದು ನಮ್ಮದೇ ಹಣವೆಂಬುದನ್ನೂ ಮರೆತು, ಲಕ್ಷ್ಮಿಯೇ ಬಾಗಿಲಿಗೆ ಬಂದಳೆಂದು ಹಿಗ್ಗುತ್ತೇವೆ. ಇಂಥ ಹಿಗ್ಗಿನಿಂದ ಬಾಗೂರಿನ ನಮ್ಮ ಮನೆಯಲ್ಲಿ 2024ನೆಯ ಇಸವಿಯ ಮುಂಗಾರಿನ ಆರಂಭದಲ್ಲಿ ನಡೆದ ಸಂಗತಿಯನ್ನು ವಾಚಕರ ಮುಂದೆ ಇಡುತ್ತೇನೆ. ಮಕ್ಕಳು ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಗೃಹಸ್ಥರಿಗೆ ಇದರಿಂದ ಸ್ವಲ್ಪ ಪ್ರಯೋಜನವಾದೀತೆಂದು ನನ್ನ ನಂಬಿಕೆ.

ನನ್ನ ಮಗಳು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. 2023ರ ಸೆಪ್ಟೆಂಬರ್ ಕೊನೆಯಲ್ಲಿ ಆ ಕೆಲಸವನ್ನು ಬಿಟ್ಟು, ಎರಡು ತಿಂಗಳು ನಮ್ಮ ಜೊತೆ ಊರಿನಲ್ಲಿದ್ದು, ಡಿಸೆಂಬರ್ ಒಂದನೆಯ ತಾರೀಖು ಮತ್ತೊಂದು ಸಂಸ್ಥೆಯನ್ನು ಸೇರಿದಳು. ಮೊದಲಿನ ಕಡೆ ತಿಂಗಳಿಗೆ ಒಂದು ಲಕ್ಷ. ಎರಡನೆಯ ಕಡೆ ಒಂದು ಲಕ್ಷದ ಹತ್ತು ಸಾವಿರ. ನನ್ನಂಥ ಉಪಾಧ್ಯಾಯನ ಕಿವಿಗೆ ಈ ಸಂಖ್ಯೆಗಳು ಅತಿಶಯೋಕ್ತಿ ಅಲಂಕಾರದಂತೆ ಕೇಳಿಸುತ್ತವೆ. ಆದರೆ ಈಗಿನ ಪಟ್ಟಣದಲ್ಲಿ ಇದೇನೂ ವಿಶೇಷವಲ್ಲವಂತೆ.

ಮುಂದಿನ ಜೂನ್ ತಿಂಗಳಲ್ಲಿ ಅವಳು ಊರಿಗೆ ಬಂದಾಗ ಕೈಯಲ್ಲಿ ಎರಡು ಕಾಗದಗಳಿದ್ದುವು. ಸಂಬಳದಲ್ಲಿ ತೆರಿಗೆಯನ್ನು ಹಿಡಿದುಕೊಂಡುದಕ್ಕಾಗಿ ಯಜಮಾನನು ಕೊಡುವ ಪ್ರಮಾಣಪತ್ರಗಳವು. ಎಲ್ಲರೂ ಅದನ್ನು ಫಾರಂ 16 ಎನ್ನುವರು. ಷೋಡಶೋಪಚಾರವನ್ನು ಬಲ್ಲ ನನಗೆ ಈ ಷೋಡಶವು ಹೊಸದು. ಮಗಳು ಸಂತೋಷದಿಂದ, “ಅಪ್ಪಾ, ಎರಡರಲ್ಲಿಯೂ ಕೊಡಬೇಕಾದ ತೆರಿಗೆ ಸೊನ್ನೆ ಎಂದು ಬರೆದಿದೆ. ಮೊದಲನೆಯ ಆಫೀಸಿನವರು ಆರು ತಿಂಗಳು ಸುಮ್ಮನೆ ಹಿಡಿದುಕೊಂಡಿದ್ದಾರೆ. 42,900 ರೂಪಾಯಿ ವಾಪಸು ಬರುತ್ತದೆ. ಅಡಿಗೆಮನೆಯ ಮಾಡನ್ನು ಈ ಮಳೆಗಾಲಕ್ಕೆ ಮುಂಚೆ ಸರಿ ಮಾಡಿಸಿಬಿಡಿ” ಎಂದಳು.

ನಮ್ಮ ಅಡಿಗೆಮನೆಯ ಮಾಡು ನನ್ನ ತಂದೆಯವರ ಕಾಲದ್ದು. ತೀರುಗಳು ಗೆದ್ದಲು ಹಿಡಿದು, ಹೆಂಚು ಜರುಗಿ, ಎರಡು ವರ್ಷಗಳಿಂದ ಒಲೆಯ ಪಕ್ಕದಲ್ಲಿಯೇ ಸೋರುತ್ತಿದ್ದಿತು. ನಾನು ಆ ದಿನವೇ ಬಡಗಿಯನ್ನು ಕರೆಯಿಸಿ ಅಳತೆ ಹಿಡಿಸಿ, ಐದು ಸಾವಿರ ರೂಪಾಯಿ ಮುಂಗಡವನ್ನೂ ಕೊಟ್ಟೆನು. ಬಾರದ ಹಣವನ್ನು ನಂಬಿ ಬಂದ ಹಣವನ್ನು ಕೊಡುವುದು ಅವಿವೇಕವೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ.

ಆ ರಾತ್ರಿ ಊಟವಾದ ಮೇಲೆ ಕಾಗದಗಳೆರಡನ್ನೂ ಮುಂದಿಟ್ಟುಕೊಂಡು ಕುಳಿತೆನು. ಕುತೂಹಲವೇ ಕಾರಣ, ಸಂದೇಹವೇನೂ ಇರಲಿಲ್ಲ. ಆದರೆ ನೋಡುತ್ತ ನೋಡುತ್ತ ಒಂದು ಪ್ರಶ್ನೆ ಎದ್ದಿತು: ವರ್ಷವೊಂದರಲ್ಲಿ ಹತ್ತು ಲಕ್ಷಕ್ಕೆ ಮೇಲ್ಪಟ್ಟು ಸಂಪಾದಿಸಿದವಳಿಗೆ ಸರಕಾರವು ಒಂದು ಕಾಸನ್ನೂ ಕೇಳುವುದಿಲ್ಲವೆ?

ಇಲ್ಲಿ ಸಂಬಳದ ತೆರಿಗೆಯ ಕ್ರಮವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಸ್ಮೃತಿಕಾರರು ರಾಜನಿಗೆ ಬೆಳೆಯಲ್ಲಿ ಆರನೆಯ ಒಂದು ಪಾಲೆಂದು ವಿಧಿಸಿದರು. ಬೆಳೆಯು ಕಣಕ್ಕೆ ಬಂದು, ರಾಶಿಯಾದ ಮೇಲೆ ಅಳೆದು ಕೊಡುವ ಪಾಲು ಅದು. ಹಿಂದಿನ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಆದಾಯ ತೆರಿಗೆಯ ಕಾನೂನಿದ್ದಿತು. 1950ನೆಯ ಏಪ್ರಿಲ್ 1ರಿಂದ ಭಾರತದ ಕಾನೂನೇ ಇಲ್ಲಿಗೂ ಬಂದಿತು. ಈಗಿನ ಕ್ರಮದಲ್ಲಿ ಸಂಬಳಗಾರನ ರಾಶಿಯಾಗುವವರೆಗೆ ಯಾರೂ ಕಾಯುವುದಿಲ್ಲ. ವರ್ಷದ ಮೊದಲಲ್ಲಿಯೇ ಯಜಮಾನನು ಇವನ ಹನ್ನೆರಡು ತಿಂಗಳ ಸಂಬಳ ಎಷ್ಟಾದೀತೆಂದು ಊಹಿಸಿ, ಅದಕ್ಕೆ ತಕ್ಕ ತೆರಿಗೆಯನ್ನು ಹನ್ನೆರಡು ಪಾಲು ಮಾಡಿ, ತಿಂಗಳು ತಿಂಗಳೂ ಹಿಡಿದು ಸರಕಾರಕ್ಕೆ ಕಟ್ಟುವನು. ಊಹೆಯು ನಿಜವಾದರೆ ಲೆಕ್ಕವು ಸರಿಹೋಗುವುದು. ಮಧ್ಯದಲ್ಲಿ ಉದ್ಯೋಗವನ್ನು ಬದಲಾಯಿಸಿದರೆ ಊಹೆಯು ಮುರಿಯುವುದು. ಹಿಂದಿರುಗುವ ಹಣವೂ, ಮೇಲೆ ಕಟ್ಟಬೇಕಾದ ಹಣವೂ ಹುಟ್ಟುವುದು ಈ ಮುರಿದ ಜಾಗದಲ್ಲಿಯೇ.

ಮಗಳ ಲೆಕ್ಕದಲ್ಲಿ ನಡೆದದ್ದು ಹೀಗೆ. 2023-24ನೆಯ ಆರ್ಥಿಕ ವರ್ಷದ ಹೊಸ ಪದ್ಧತಿಯಂತೆ ಸಂಬಳಗಾರರಿಗೆಲ್ಲ 50,000 ರೂಪಾಯಿಗಳ ಸ್ಟ್ಯಾಂಡರ್ಡ್ ಡಿಡಕ್ಷನ್ ಉಂಟು. ಉಳಿದುದರಲ್ಲಿ ಮೊದಲ ಮೂರು ಲಕ್ಷಕ್ಕೆ ತೆರಿಗೆಯಿಲ್ಲ. ಅನಂತರದ ಮೂರು ಲಕ್ಷಕ್ಕೆ ನೂರಕ್ಕೆ 5, ಮತ್ತೆ ಮೂರು ಲಕ್ಷಕ್ಕೆ 10, ಮತ್ತೆ ಮೂರು ಲಕ್ಷಕ್ಕೆ 15. ತೆರಿಗೆಗೆ ಒಳಪಡುವ ಆದಾಯವು ಏಳು ಲಕ್ಷವನ್ನು ಮೀರದಿದ್ದರೆ ಕಟ್ಟಬೇಕಾದುದೆಲ್ಲವೂ ಮಾಫಿ. ಮೊದಲನೆಯ ಸಂಸ್ಥೆಯು ಹನ್ನೆರಡು ಲಕ್ಷದ ಊಹೆಯ ಮೇಲೆ, ಸೆಸ್ಸೂ ಸೇರಿ ವರ್ಷಕ್ಕೆ 85,800 ರೂಪಾಯಿಯೆಂದು ಲೆಕ್ಕ ಹಾಕಿ, ತಿಂಗಳಿಗೆ 7,150ರಂತೆ ಆರು ತಿಂಗಳು ಹಿಡಿದಿದ್ದಿತು. ಅವಳು ಬಿಟ್ಟು ಬಂದ ಮೇಲೆ ಅವರ ಪುಸ್ತಕದಲ್ಲಿ ಅವಳ ಆದಾಯವು ಆರು ಲಕ್ಷ ಮಾತ್ರ. ಆದುದರಿಂದ ತೆರಿಗೆ ಸೊನ್ನೆ. ಎರಡನೆಯ ಸಂಸ್ಥೆಯು ತನ್ನ ನಾಲ್ಕು ತಿಂಗಳ 4,40,000 ರೂಪಾಯಿಗಳನ್ನು ಮಾತ್ರ ನೋಡಿತು, ಅದಕ್ಕೂ ಸೊನ್ನೆ. ಐವತ್ತು ಸಾವಿರದ ಕಡಿತವನ್ನು ಇಬ್ಬರೂ ಕೊಟ್ಟಿದ್ದರು; ಮೂರು ಲಕ್ಷದ ವಿನಾಯಿತಿಯನ್ನು ಇಬ್ಬರೂ ಕೊಟ್ಟಿದ್ದರು; ಮಾಫಿಯನ್ನೂ ಇಬ್ಬರೂ ಕೊಟ್ಟಿದ್ದರು. ಒಬ್ಬಳೇ ಅತಿಥಿಯು ಎರಡು ಎಲೆಗಳ ಮುಂದೆ ಕುಳಿತು ಉಂಡಂತಾಯಿತು.

ಕಾನೂನಿನ ದೃಷ್ಟಿಯಲ್ಲಿ ಉದ್ಯೋಗಗಳು ಎರಡಾದರೂ ವರ್ಷವೊಂದೇ, ಮನುಷ್ಯನೂ ಒಬ್ಬನೇ. ಎರಡು ಸಂಬಳಗಳನ್ನೂ ಕೂಡಿಸಿದರೆ 10,40,000. ಕಡಿತವನ್ನು ಒಂದೇ ಸಲ ಕಳೆದರೆ 9,90,000. ಏಳು ಲಕ್ಷದ ಗೆರೆಯು ದಾಟಿಹೋಯಿತು, ಮಾಫಿಯಿಲ್ಲ. ತೆರಿಗೆ 58,500, ಅದರ ಮೇಲೆ ನೂರಕ್ಕೆ 4ರ ಸೆಸ್ಸು 2,340, ಒಟ್ಟು 60,840 ರೂಪಾಯಿ. ಹಿಡಿದಿರುವುದು 42,900. ಆದುದರಿಂದ ಬರಬೇಕಾದುದೇನೂ ಇಲ್ಲ. ಕಟ್ಟಬೇಕಾದುದೇ 17,940 ರೂಪಾಯಿ! ಮೂರು ಸಲ ಕೂಡಿ ಕಳೆದು ನೋಡಿದೆನು. ವ್ಯಾಕರಣದ ಸೂತ್ರದಂತೆ ಅದು ಬದಲಾಗಲೊಲ್ಲದು.

ಬೆಳಗ್ಗೆ ಮಗಳಿಗೆ ತೋರಿಸಿದೆನು. ಅವಳ ಮುಖ ಸಣ್ಣದಾಯಿತು. ಹೊಸ ಸಂಸ್ಥೆಯನ್ನು ಸೇರುವಾಗ ಹಿಂದಿನ ಸಂಬಳವನ್ನೂ ಹಿಡಿದ ತೆರಿಗೆಯನ್ನೂ ಬರೆದು ಕೊಡುವುದಕ್ಕೆ 12ಬಿ ಎಂಬ ಫಾರಂ ಇದ್ದಿತು. ಅದನ್ನು ಕೊಟ್ಟಿದ್ದರೆ ಅವರು ಎರಡನ್ನೂ ಕೂಡಿಸಿ, ಉಳಿದ ತೆರಿಗೆಯನ್ನು ನಾಲ್ಕು ತಿಂಗಳಲ್ಲಿ ಹಿಡಿದುಕೊಳ್ಳುತ್ತಿದ್ದರು; ನೋವು ತಿಳಿಯುತ್ತಿರಲಿಲ್ಲ. ಸೇರುವ ದಿನ ಸಹಿ ಹಾಕಿದ ಹತ್ತಾರು ಕಾಗದಗಳ ಗದ್ದಲದಲ್ಲಿ ಅದು ತಪ್ಪಿಹೋಗಿದ್ದಿತು. ಈಗ ಅಸಲಿನ ಮೇಲೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಬೇರೆ. ಜುಲೈಯಲ್ಲಿ ಕಟ್ಟಿದರೆ ಎಲ್ಲವೂ ಸೇರಿ 19,500ಕ್ಕೆ ಸ್ವಲ್ಪ ಮೇಲಾಗುತ್ತಿದ್ದಿತು.

ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುವುದು, ಆದರೂ ಹೇಳುತ್ತೇನೆ.

ಪರಿಚಿತರೊಬ್ಬರ ಮೂಲಕ, ಇಂಥ ಲೆಕ್ಕಗಳನ್ನು ಬರೆದು ಕೊಡುವ ಒಬ್ಬ ಮಹಾಶಯರ ಬಳಿಗೆ ನಾವಿಬ್ಬರೂ ಹೋದೆವು. ಅವರು ಕಾಗದಗಳನ್ನು ಒಂದು ನಿಮಿಷ ತಿರುವಿಹಾಕಿ ನಕ್ಕು, “ಮೇಷ್ಟರೇ, ಇದಕ್ಕೇಕೆ ಇಷ್ಟು ಚಿಂತೆ? ಹಳೆಯ ಪದ್ಧತಿಯಲ್ಲಿ ಹಾಕೋಣ. ಮನೆಬಾಡಿಗೆ ಕೊಟ್ಟಂತೆ ತೋರಿಸೋಣ, ಒಂದು ಪಕ್ಷಕ್ಕೆ ದೇಣಿಗೆ ಕೊಟ್ಟಂತೆ ತೋರಿಸೋಣ, ವಿದ್ಯಾಭ್ಯಾಸದ ಸಾಲದ ಬಡ್ಡಿ ಎಂದು ಸ್ವಲ್ಪ ಸೇರಿಸೋಣ. ಹಿಡಿದದ್ದೆಲ್ಲ ವಾಪಸು ಬರುತ್ತದೆ. ನನಗೆ ನೂರಕ್ಕೆ ಹತ್ತು ಕೊಟ್ಟರಾಯಿತು” ಎಂದರು. ಅವಳಿಗೆ ಸಾಲವಿರಲಿಲ್ಲ. ದೇಣಿಗೆಯನ್ನು ಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಅವಳು ಇದ್ದದ್ದು ಸೋದರತ್ತೆಯ, ಎಂದರೆ ನನ್ನ ತಂಗಿಯ ಮನೆಯಲ್ಲಿ. ಬಾಡಿಗೆಯ ಮಾತೇ ಇಲ್ಲ. ಇದ್ದ ಉಳಿತಾಯವಷ್ಟನ್ನೇ ತೋರಿಸಿದರೆ ಹಳೆಯ ಪದ್ಧತಿಯಲ್ಲಿ ಅವಳಿಗೆ ತೆರಿಗೆ ಇನ್ನೂ ಹೆಚ್ಚಾಗುತ್ತಿದ್ದಿತು.

ಮಗಳು ನನ್ನ ಮುಖವನ್ನು ನೋಡಿದಳು. ಪರೀಕ್ಷೆಯಲ್ಲಿ ಪಕ್ಕದ ಹುಡುಗನ ಉತ್ತರಪತ್ರಿಕೆಗೆ ಕಣ್ಣು ಹಾಯಿಸಿದವರನ್ನು ಮೂವತ್ತು ವರ್ಷ ಹೊರಗೆ ನಿಲ್ಲಿಸಿದ ನಾನು ಆಗ ಬಾಯಿ ತೆರೆಯಲಿಲ್ಲ. ಕೊಟ್ಟ ಮುಂಗಡ, ಗೆದ್ದಲು ಹಿಡಿದ ತೀರು, ಎಲ್ಲರೂ ಮಾಡುವುದೇ ತಾನೆ ಎಂಬ ಸಮಾಧಾನ, ಇವು ಮೂರೂ ಕೂಡಿ ನನ್ನ ನಾಲಗೆಯನ್ನು ಕಟ್ಟಿದ್ದುವು. “ನಾಳೆ ಹೇಳುತ್ತೇವೆ” ಎಂದು ಎದ್ದು ಬಂದೆವು. “ಬೇಡ” ಎಂದು ಹೇಳಿ ಬರಲಿಲ್ಲ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಮನೆಯವರು ಅಕ್ಕಿ ಆರಿಸುತ್ತಿದ್ದರು. ತೆರಿಗೆಯ ವಿಷಯವಾಗಿ ಅವರು ಏನನ್ನೂ ಕೇಳಲಿಲ್ಲ. “ಬಾಡಿಗೆ ಚೀಟಿಗೆ ರುಜು ಹಾಕುವವರು ಯಾರು?” ಎಂದರು. ನನ್ನ ತಂಗಿಯೇ ಹಾಕಬೇಕು ಎಂದೆನು. “ಮೂರು ವರ್ಷ ಮಗುವಿಗೆ ಬೆಳಗಾಗೆದ್ದು ಬುತ್ತಿ ಕಟ್ಟಿ ಕಳಿಸಿದವರು. ತಿಂಗಳಿಗೆ ಇಷ್ಟು ಅಂತ ಕೊಡೋಕೆ ಹೋದಾಗ ಕಣ್ಣೀರು ಹಾಕಿಕೊಂಡರು. ಅವರ ಹತ್ತಿರ ಹೋಗಿ, ನೀವು ಬಾಡಿಗೆ ತೊಗೊಂಡಿದ್ದೀರಿ ಅಂತ ಬರೆದುಕೊಡಿ ಅಂತೀರಾ?” ಎಂದರು, ಮತ್ತೆ ಅಕ್ಕಿಯ ಕಡೆ ತಿರುಗಿದರು.

ಅಲ್ಲಿಗೆ ಆ ಪ್ರಕರಣವು ಮುಗಿಯಿತು. ಸರಕಾರಕ್ಕೆ ಸುಳ್ಳು ಹೇಳುವುದೆಂದರೆ ಮುಖವಿಲ್ಲದ ಒಂದು ಯಂತ್ರಕ್ಕೆ ಸುಳ್ಳು ಹೇಳುವುದೆಂದು ನಾವು ಭಾವಿಸುತ್ತೇವೆ. ಆದರೆ ಆ ಸುಳ್ಳಿಗೆ ಯಾವುದಾದರೂ ಒಂದು ಮುಖವು ಬೇಕೇ ಬೇಕು. ನಮ್ಮ ಪಾಲಿಗೆ ಅದು ನನ್ನ ತಂಗಿಯ ಮುಖವಾಗುತ್ತಿದ್ದಿತು. ಅವಳ ವಾತ್ಸಲ್ಯವನ್ನು ಕಾಗದದ ಮೇಲೆ ಬಾಡಿಗೆಯೆಂದು ಬರೆದು ಅದರಿಂದ ಮಾಡಿಗೆ ಹೆಂಚು ಹೊದಿಸಲು ನಾನು ಹೊರಟಿದ್ದೆನು.

ಅನಂತರ ಲೋಕದಲ್ಲಿ ನಡೆದುದನ್ನು ನೋಡಿದರೆ ನಾವು ಉಳಿದುಕೊಂಡುದು ಮಾನ ಮಾತ್ರವಲ್ಲವೆಂದು ತೋರುವುದು. 2025ನೆಯ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯವರು, ಸುಳ್ಳು ವಿನಾಯಿತಿಗಳನ್ನು ಬರೆದು ಹಣವನ್ನು ಹಿಂದಕ್ಕೆ ತರಿಸುವ ಮಧ್ಯವರ್ತಿಗಳ ಸಂಬಂಧವಾಗಿ ದೇಶದಲ್ಲಿ ಸುಮಾರು 150 ಕಡೆ ಶೋಧನೆ ನಡೆಸಿದರು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನರು 1,045 ಕೋಟಿ ರೂಪಾಯಿಗಳಷ್ಟು ಸುಳ್ಳು ಬೇಡಿಕೆಗಳನ್ನು ತಾವಾಗಿಯೇ ಹಿಂತೆಗೆದುಕೊಂಡಿದ್ದರೆಂದು ಆಗ ಪ್ರಕಟವಾಯಿತು. ಆದಾಯವನ್ನು ತಪ್ಪಾಗಿ ತೋರಿಸಿದುದು ಸಿದ್ಧವಾದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡವನ್ನು ವಿಧಿಸಲು 1961ರ ಕಾಯಿದೆಯಲ್ಲಿಯೇ ಅವಕಾಶವಿದ್ದಿತು. ಇನ್ನೊಂದು ವಿಚಿತ್ರವೆಂದರೆ, ಸಿಕ್ಕಿಬೀಳುವವನು ತೆರಿಗೆದಾರನು. ನೂರಕ್ಕೆ ಹತ್ತನ್ನು ತೆಗೆದುಕೊಂಡವನ ಹೆಸರು ಆ ಕಾಗದದಲ್ಲಿ ಇರುವುದೇ ಇಲ್ಲ.

ಹಿಂದಿರುಗಿ ಬರುವ ಹಣವೆಲ್ಲವೂ ಮಾಯೆಯೆಂದು ವಾಚಕರು ತಿಳಿಯಬಾರದು. ಅದೇ ತಿಂಗಳಲ್ಲಿ ನನ್ನ ತಮ್ಮನ ಮಗನ ಸಂಗತಿಯು ಇದಕ್ಕೆ ನೇರವಾಗಿ ತಿರುಗುಮುರುಗಾಯಿತು. ಅವನು ತಿಂಗಳಿಗೆ 90,000 ರೂಪಾಯಿಗಳ ಕೆಲಸವನ್ನು ನವೆಂಬರ್ ಕೊನೆಗೆ ಬಿಟ್ಟು, ಒಂದು ಪರೀಕ್ಷೆಗೆ ಓದಿಕೊಂಡು, ಮುಂದಿನ ಜೂನ್‌ನಲ್ಲಿ, ಎಂದರೆ ಹೊಸ ಆರ್ಥಿಕ ವರ್ಷದಲ್ಲಿ, ಬೇರೊಂದು ಕೆಲಸಕ್ಕೆ ಸೇರಿದ್ದನು. “ದೊಡ್ಡಪ್ಪಾ, ನನಗೆ ತೆರಿಗೆಯೇ ಬರುವುದಿಲ್ಲವಂತೆ, ನಾನೇಕೆ ರಿಟರ್ನ್ ಹಾಕಲಿ?” ಎಂದು ನಿಶ್ಚಿಂತನಾಗಿದ್ದನು. ಎಂಟು ತಿಂಗಳ ಸಂಬಳ 7,20,000. ಐವತ್ತು ಸಾವಿರವನ್ನು ಕಳೆದರೆ 6,70,000. ಏಳು ಲಕ್ಷದ ಒಳಗಾದುದರಿಂದ ತೆರಿಗೆಯಿಲ್ಲವೆಂಬುದು ನಿಜ. ಆದರೆ ಹಿಂದಿನ ಸಂಸ್ಥೆಯು ಇಡೀ ವರ್ಷದ ಊಹೆಯ ಮೇಲೆ ತಿಂಗಳಿಗೆ 5,590ರಂತೆ 44,720 ರೂಪಾಯಿಗಳನ್ನು ಹಿಡಿದಿದ್ದಿತು! ಅದು ಕೇಳದೆ ಬರುವ ಹಣವಲ್ಲ. ರಿಟರ್ನ್ ಸಲ್ಲಿಸುವುದೇ ಅದನ್ನು ಕೇಳುವ ಕ್ರಮ. ಅಲ್ಲದೆ ಆದಾಯವು ಮೂರು ಲಕ್ಷವನ್ನು ಮೀರಿದಮೇಲೆ, ತೆರಿಗೆಯು ಮಾಫಿಯಾದರೂ ರಿಟರ್ನ್ ಸಲ್ಲಿಸುವ ಕರ್ತವ್ಯವು ಮಾಫಿಯಾಗುವುದಿಲ್ಲ.

ಅವನಿಂದ ನಾನು ಕಲಿತ ಪಾಠವು ಬೇರೆ. ನಮ್ಮ ಊರಿನ ಹೆಸರನ್ನು ಹೊತ್ತ ಒಂದು ಸುರಂಗವುಂಟು, ಬಾಗೂರು-ನವಿಲೆ ಸುರಂಗವೆನ್ನುವರು. ಗೊರೂರಿನ ಅಣೆಕಟ್ಟೆಯಿಂದ ಕಾಲುವೆಯಲ್ಲಿ ಬಂದ ಹೇಮಾವತಿಯ ನೀರು ಅದರೊಳಗೆ ಹೊಕ್ಕು, ನೆಲದಡಿಯಲ್ಲಿ ಹರಿದು, ತುಮಕೂರಿನ ಸೀಮೆಯ ಕಡೆಗೆ ಹೊರಡುವುದು. ಒಳಗೆ ನೀರು ಹರಿಯುವುದನ್ನು ಯಾರೂ ಕಾಣರು. ಎಷ್ಟು ಬಂದಿತೆಂದು ತಿಳಿಯಬೇಕಾದರೆ ಆಚೆಯ ಬಾಯಿಗೆ ಹೋಗಿ ನೋಡಬೇಕು. ಸಂಬಳದಲ್ಲಿ ಹಿಡಿದ ತೆರಿಗೆಯೂ ಹಾಗೆಯೇ. ಫಾರಂ 16 ಈಚೆಯ ಬಾಯಿ. ಇಲಾಖೆಯ ಜಾಲತಾಣದಲ್ಲಿ ದೊರೆಯುತ್ತಿದ್ದ 26ಎಎಸ್ ಎಂಬ ಪಟ್ಟಿಯು ಆಚೆಯ ಬಾಯಿ. ನಮ್ಮ ಪ್ಯಾನ್ ಸಂಖ್ಯೆಗೆ ಯಾವ ತ್ರೈಮಾಸಿಕದಲ್ಲಿ ಎಷ್ಟು ಜಮೆಯಾಗಿದೆಯೆಂದು ಅದರಲ್ಲಿ ಕಾಣುವುದು. ಹುಡುಗನ ಪಟ್ಟಿಯಲ್ಲಿ ಕೊನೆಯ ಎರಡು ತಿಂಗಳ ಮೊತ್ತವು ಮೊದಲು ಇರಲಿಲ್ಲ. ಹಿಂದಿನ ಸಂಸ್ಥೆಗೆ ಕಾಗದ ಬರೆದು, ಅವರು ತಮ್ಮ ಲೆಕ್ಕಪತ್ರವನ್ನು ತಿದ್ದಿ ಕಳಿಸಿದ ಮೇಲೆ ಬಂದಿತು. ಅದನ್ನು ನೋಡದೆ ರಿಟರ್ನ್ ಹಾಕಿದ್ದರೆ ಅಷ್ಟು ಹಣಕ್ಕೆ ತಕರಾರು ಏಳುತ್ತಿದ್ದಿತು.

ಜುಲೈ 31ರ ಗಡುವಿಗೆ ಮುಂಚೆ ಇಬ್ಬರೂ ರಿಟರ್ನ್‌ಗಳನ್ನು ಸಲ್ಲಿಸಿದರು. ಸಲ್ಲಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಮೂವತ್ತು ದಿನಗಳೊಳಗೆ ಆಧಾರ್ ಮೂಲಕವೋ ಬೇರೆ ಕ್ರಮದಿಂದಲೋ ಅದನ್ನು ದೃಢೀಕರಿಸಬೇಕು. ಇದನ್ನು ಮರೆತವರ ರಿಟರ್ನ್ ರುಜುವಿಲ್ಲದ ಅರ್ಜಿಯಂತೆ. ಈ ಪತ್ರಗಳನ್ನೆಲ್ಲ ಪರಿಶೀಲಿಸುವ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಅಲ್ಲಿಂದ ಆಗಸ್ಟ್‌ನಲ್ಲಿ ಹುಡುಗನ ಬೇಡಿಕೆಯು ಮಂಜೂರಾಯಿತು. ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿಯಂತೆ ಏಪ್ರಿಲ್‌ನಿಂದ ಬಡ್ಡಿಯೂ ಸೇರಿತು. ಆ ಬಡ್ಡಿಯು ಮಾತ್ರ ಮುಂದಿನ ವರ್ಷದ ಆದಾಯವೆಂಬುದನ್ನು ನೆನಪಿಡಬೇಕು. ಹೀಗೆ ಮಂಜೂರಾದ ಹಣವು ಅವನ ಕೈಗೆ ಬರಲಿಲ್ಲ. ಏಕೆಂದರೆ ಅವನು ಬರೆದಿದ್ದುದು ಹಳೆಯ ಸಂಸ್ಥೆಯವರು ತೆರೆಯಿಸಿದ್ದ ಸಂಬಳದ ಖಾತೆ. ಅದು ಆ ವೇಳೆಗೆ ಮುಚ್ಚಿಹೋಗಿದ್ದಿತು. ಬದುಕಿರುವ ಖಾತೆಯೊಂದನ್ನು ಜಾಲತಾಣದಲ್ಲಿ ಮೊದಲು ದೃಢಪಡಿಸಿ, ಮತ್ತೆ ಕಳಿಸಬೇಕೆಂದು ಬೇಡಿಕೊಂಡ ಮೇಲೆ 45,000ಕ್ಕೆ ಮೇಲ್ಪಟ್ಟ ಹಣವು ಬಂದಿತು. ಆ ದಿನ ಅವನು ನನಗೆ ಒಂದು ಪಂಚೆಯನ್ನು ತಂದು ಕೊಟ್ಟನು.

ಉದ್ಯೋಗ ಬದಲಾಯಿಸುವವರಿಗೆ ಭವಿಷ್ಯನಿಧಿಯ ವಿಷಯವಾಗಿಯೂ ಒಂದು ಮಾತು. ಅಲ್ಲಿ ಕೂಡಿದ್ದ ಪಿ.ಎಫ್. ಹಣವನ್ನು ಐದು ವರ್ಷದ ಸೇವೆ ತುಂಬುವುದಕ್ಕೆ ಮುಂಚೆ ತೆಗೆದುಕೊಂಡರೆ ಸಾಮಾನ್ಯವಾಗಿ ಅದಕ್ಕೂ ತೆರಿಗೆಯುಂಟು. ಹೊಸ ಸಂಸ್ಥೆಗೆ ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಎಣಿಕೆಗೆ ಸೇರುವುದು. ಕೆಲಸ ಬಿಟ್ಟ ಉತ್ಸಾಹದಲ್ಲಿ ಅದನ್ನು ಒಡೆಯದಿರುವುದೇ ಲೇಸು.

ನಾನು ಹೇಳಿದ ದರಗಳು 2023-24ರವು. ಆಮೇಲೆ ಅವು ಬದಲಾಗಿವೆ. 2025-26ನೆಯ ವರ್ಷಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯಿಲ್ಲದ ಮೊದಲ ಪಾಲು ನಾಲ್ಕು ಲಕ್ಷವಾಯಿತು, ಸಂಬಳಗಾರರ ಕಡಿತವು 75,000 ಆಗಿದ್ದಿತು, ಮಾಫಿಯ ಗೆರೆಯು ಹನ್ನೆರಡು ಲಕ್ಷಕ್ಕೆ ಏರಿತು. 1961ರ ಕಾಯಿದೆಯ ಸ್ಥಾನದಲ್ಲಿ, 2026ರ ಏಪ್ರಿಲ್ 1ರಿಂದ ನಡೆಯುವಂತೆ, 2025ರಲ್ಲಿ ಹೊಸ ಕಾಯಿದೆಯೇ ರಚಿತವಾಯಿತು. ಅದರಲ್ಲಿ ‘ಹಿಂದಿನ ವರ್ಷ’, ‘ನಿರ್ಧಾರಣೆಯ ವರ್ಷ’ ಎಂಬ ಎರಡು ಹೆಸರುಗಳ ಗೊಂದಲವು ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರಾಗಿದೆ. ಫಾರಂಗಳ ಅಂಕಿಗಳೂ ದರಗಳೂ ಬದಲಾಗುತ್ತಿರುವುವು. ಆಯಾ ವರ್ಷದ್ದನ್ನು ನೋಡಿಕೊಳ್ಳಬೇಕು. ಆದರೆ ಮೂಲದ ಅಪಾಯವು ಹೋಗಿಲ್ಲ. ಗೆರೆಯು ಮೇಲಕ್ಕೆ ಹೋದಷ್ಟೂ ಅದು ಹೆಚ್ಚೇ ಆಗಿದೆ. ಒಂದು ಕಡೆ ಎಂಟು ಲಕ್ಷ, ಮತ್ತೊಂದು ಕಡೆ ಎಂಟು ಲಕ್ಷ ಪಡೆದವನಿಗೆ ಇಬ್ಬರು ಯಜಮಾನರೂ ತಮ್ಮ ತಮ್ಮ ಪಾಲನ್ನು ಮಾತ್ರ ನೋಡಿ ಏನನ್ನೂ ಹಿಡಿಯದೆ ಬಿಡಬಹುದು. ಹದಿನಾರು ಲಕ್ಷದ ಲೆಕ್ಕವು ಜುಲೈಯಲ್ಲಿ ಒಮ್ಮೆಗೇ ಎದುರಿಗೆ ನಿಲ್ಲುವುದು. ಆದುದರಿಂದ ಹೊಸ ಕೆಲಸಕ್ಕೆ ಸೇರಿದ ವಾರದಲ್ಲಿಯೇ ಹಳೆಯ ಸಂಬಳವನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಮಗಳು ತನ್ನ ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿ, ಚಲನಿನ ಸಂಖ್ಯೆಯನ್ನು ರಿಟರ್ನ್‌ನಲ್ಲಿ ಬರೆದು, ಅದರ ಒಂದು ಪ್ರತಿಯನ್ನು ನನಗೆ ಕಳಿಸಿದಳು. ಬಡಗಿಗೆ, ಕೆಲಸವು ಮುಂದಿನ ವರ್ಷಕ್ಕೆಂದು ಹೇಳಿದೆನು. ಅವನು ಒಳ್ಳೆಯವನು; ಮುಂಗಡವನ್ನು ಹಾಗೆಯೇ ಇಟ್ಟುಕೊಂಡು, ಮರದ ಬೆಲೆ ಏರಿದರೂ ಅಳತೆ ಮಾತ್ರ ಬದಲಾಗದೆಂದು ನಕ್ಕನು.

ಗೌರಿಹಬ್ಬಕ್ಕೆ ಮಗಳು ಬಂದಳು. ಅವಳ ಜೊತೆಯಲ್ಲಿ ನನ್ನ ತಂಗಿಯೂ ಬಂದಳು. ರಾತ್ರಿ ಜೋರಾಗಿ ಮಳೆ ಹಿಡಿಯಿತು. ಒಲೆಯ ಪಕ್ಕದಲ್ಲಿ ಎಂದಿನ ಜಾಗದಲ್ಲಿಯೇ ಹನಿಯಲು ಆರಂಭವಾಯಿತು. ಯಾರೂ ಹೇಳುವುದಕ್ಕೆ ಮುಂಚೆ ಮಗಳು ಎದ್ದು ಹೋಗಿ ಅದರ ಕೆಳಗೆ ಹಿತ್ತಾಳೆಯ ಕೊಳದಪ್ಪಲೆಯನ್ನು ಇಟ್ಟು ಬಂದಳು. “ಮೇಲೆ ಸರಿ ಮಾಡಿಸೋದಲ್ಲವೇನೋ ಅಣ್ಣ?” ಎಂದು ತಂಗಿ ಕೇಳಿದಳು. “ಬರುವ ವರ್ಷ ಮಾಡಿಸೋಣಮ್ಮ” ಎಂದೆನು. ಅವಳಿಗೆ ಬಾಡಿಗೆ ಚೀಟಿಯ ವಿಷಯವು ಇಂದಿಗೂ ತಿಳಿಯದು.